ಬೀಜದ ಜೋಳ

ಶರಣಬಸವೇಶ್ವರ ದೇವಸ್ಥಾನದ ಆಸುಪಾಸಿನಲ್ಲಿ ಮನೆ ಮಾಡಿದವರಿಗೆ ಗುಡಿಯ ಗಂಟೆ ಕಿವಿಗೆ ಬೀಳದಷ್ಟು ರೂಢಿಯಾಗಿಬಿಡುತ್ತದೆ. ನನಗೆ ಇತ್ತೀಚೆಗೆ ಇನ್ನೊಂದು ಸದ್ದೂ ರೂಢಿಯಾಗಿದೆ. ರಾತ್ರಿ ಎರಡು ಗಂಟೆಗೆ ಒಳಕೋಣೆಯ ಕಪಾಟಿನಿಂದ ಸಣ್ಣದೊಂದು ಗುರುಗುರು ಏಳುತ್ತದೆ. ಪಡಸಾಲೆಯ ಸರ್ವರಿನಲ್ಲಿ ಹೊಸದಾಗಿ ಸೇರಿದ್ದನ್ನೆಲ್ಲ ಕಪಾಟಿನ ಪೆಟ್ಟಿಗೆ ತನ್ನೊಳಕ್ಕೆ ಎಳೆದುಕೊಳ್ಳುವ ಹೊತ್ತು ಅದು.

ಸರ್ವರ್ ಎಂದೊಡನೆ ದೊಡ್ಡ ಕಚೇರಿಯ ಸರಂಜಾಮೆಂದು ತಿಳಿಯಬೇಕಾಗಿಲ್ಲ. ಹಳೆಯದೊಂದು ಕಂಪ್ಯೂಟರು, ಅಷ್ಟೆ. ಹಗಲಿರುಳೂ ಎಚ್ಚರವಾಗಿದ್ದು, ಮನೆಮಂದಿ ಕೇಳಿದ ಫೋಟೋ, ಹಾಡು, ಕಾಗದಪತ್ರಗಳನ್ನು ಅವರವರ ಫೋನಿಗೆ ಒದಗಿಸುತ್ತದೆ. ಅದರ ಹೊಟ್ಟೆಯಲ್ಲಿ ಹೊಲದ ಪಹಣಿಯಿದೆ, ಮದುವೆಯ ಫೋಟೋಗಳಿವೆ, ನಮ್ಮವ್ವ ಹೇಳಿದ ಬೀಸುವ ಕಲ್ಲಿನ ಪದಗಳು ನಲವತ್ತು ನಿಮಿಷದಷ್ಟಿವೆ. ಪಹಣಿ ಹೋದರೆ ತಹಸೀಲ್ ಕಚೇರಿಯಲ್ಲಿ ಇನ್ನೊಂದು ಸಿಕ್ಕೀತು. ಫೋಟೋಗಳು ಬೀಗರ ಮನೆಯಲ್ಲಿಯೂ ಇದ್ದಾವು. ಅವ್ವ ಈಗಿಲ್ಲ.

ಕಪಾಟಿನ ಪೆಟ್ಟಿಗೆಯನ್ನು ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ‘ನ್ಯಾಸ್’ ಎನ್ನುತ್ತಾರೆ. ಮನೆಯ ಜಾಲಕ್ಕೆ ತಂತಿಯಿಂದ ಹೊಂದಿಕೊಂಡ ಉಗ್ರಾಣ. ಸಂಸ್ಕೃತದ ‘ನ್ಯಾಸ’ಕ್ಕೂ ನಂಬಿ ಒಪ್ಪಿಸಿದ ಇಡುಗಂಟು ಎಂಬ ಅರ್ಥವುಂಟು. ಹೆಸರಿಟ್ಟವರಿಗೆ ಇದು ಗೊತ್ತಿರಲಾರದು. ಗೊತ್ತಿದ್ದು ಇಟ್ಟಿದ್ದರೂ ಇಷ್ಟು ಚೆನ್ನಾಗಿ ಒಪ್ಪುತ್ತಿರಲಿಲ್ಲವೇನೋ.

ನೆರೆಮನೆಯ ಗೌಡರು ಒಕ್ಕಲುತನ ಮಾಡಿ ಊರು ಸೇರಿದವರು. ಒಂದು ದಿನ ಕೇಳಿದರು: “ಆ ಸರ್ವರಿನ್ಯಾಗ ಎರಡು ಡಿಸ್ಕ್ ಅದಾವ ಅಂತೀರಿ. ಮತ್ತ ಈ ಡಬ್ಬಿ ಯಾಕ್ರೀ ಸರ?”

ಎರಡು ಡಿಸ್ಕುಗಳಲ್ಲಿ ಒಂದು ಇನ್ನೊಂದರ ಕನ್ನಡಿ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ, ನಿಜ. ಆದರೆ ಮೊಮ್ಮಗ ಆಟವಾಡುತ್ತ ಒಂದು ಹಾಡನ್ನು ಅಳಿಸಿದನೆನ್ನಿ, ಕನ್ನಡಿಯಲ್ಲಿಯೂ ಅದೇ ಕ್ಷಣ ಅಳಿಯುತ್ತದೆ. ಕನ್ನಡಿಗೆ ನೆನಪಿರುವುದಿಲ್ಲವಷ್ಟೆ. ನಾನು ಇಷ್ಟು ಹೇಳುವಷ್ಟರಲ್ಲಿ ಗೌಡರು ನಕ್ಕರು. “ಬೀಜದ ಜ್ವಾಳ, ತಿನ್ನೋ ಜ್ವಾಳ ಒಂದೇ ಹಗೇವಿನ್ಯಾಗ ಹಾಕಬಾರದು. ಇಷ್ಟೇ ಹೌದಲ್ರೀ?”

ನಮ್ಮ ಕಡೆಯ ಹಗೇವು ನೋಡದವರಿಗೆ ಹೇಳಬೇಕು: ನೆಲದಲ್ಲಿ ತೋಡಿದ ಜೋಳದ ಕಣಜ ಅದು. ಅದಕ್ಕೆ ನೀರು ಹೊಕ್ಕರೆ ವರ್ಷದ ಅನ್ನ ಹೋಯಿತು. ಆದ್ದರಿಂದ ಬೀಜಕ್ಕೆ ಬೂದಿ ಕಲಸಿ ಬೇರೆ ಗಡಿಗೆಯಲ್ಲಿ, ಬೇರೆ ಕಡೆ ಇಡುತ್ತಿದ್ದರು. ಹಸಿದರೂ ಅದಕ್ಕೆ ಕೈಹಚ್ಚುವಂತಿರಲಿಲ್ಲ. ನನ್ನ ನ್ಯಾಸ್ ಸಹ ಹಾಗೆಯೇ. ಅದು ಸರ್ವರಿನಿಂದ ಎಳೆದುಕೊಳ್ಳಬಲ್ಲದು. ಅದರೊಳಗೆ ಕೈಹಾಕುವ ಬೀಗದ ಕೈ ಸರ್ವರಿಗಿಲ್ಲ. ಸರ್ವರಿಗೆ ಕಳ್ಳ ಹೊಕ್ಕರೂ ಉಗ್ರಾಣಕ್ಕೆ ಹೋಗುವ ದಾರಿ ಕಾಣದು.

ಎಳೆದುಕೊಳ್ಳುವ ಕೆಲಸ ಆರ್‌ಸಿಂಕ್ ಎಂಬ ತಂತ್ರಾಂಶದ್ದು. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದದ್ದು. ಬದಲಾದುದನ್ನಷ್ಟೇ ಸಾಗಿಸುವ ಜಾಣತನ ಅದಕ್ಕಿದೆ. ಮೊದಲ ರಾತ್ರಿ ತಾಸುಗಟ್ಟಲೆ ಹಿಡಿದದ್ದು ಈಗ ಕೆಲವೇ ನಿಮಿಷ. ಪೆಟ್ಟಿಗೆಯು ಹಳೆಯ ದಿನಗಳ ಸ್ಥಿತಿಯನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳುವುದರಿಂದ, ಇಂದು ಅಳಿದದ್ದು ಮೊನ್ನೆಯ ಪ್ರತಿಯಲ್ಲಿ ಸಿಗುತ್ತದೆ.

ಆದರೂ ಬೀಜ ಸತ್ತಿದೆಯೋ ಬದುಕಿದೆಯೋ ಗಡಿಗೆಯ ಹೊರಗಿನಿಂದ ತಿಳಿಯದು. ಒಕ್ಕಲಿಗ ಬಿತ್ತಿಗೆಯ ಮುಂಚೆ ಕಾಳನ್ನು ಎಣಿಸಿ ಹಸಿ ಬಟ್ಟೆಯಲ್ಲಿ ಕಟ್ಟಿ, ಎಷ್ಟು ಮೊಳೆತವೆಂದು ನೋಡುತ್ತಾನೆ. ನಾನು ತಿಂಗಳಿಗೊಮ್ಮೆ ಪೆಟ್ಟಿಗೆಯಿಂದ ಒಂದು ಪದವನ್ನು ಬೇರೆ ಕಂಪ್ಯೂಟರಿಗೆ ಇಳಿಸಿ, ಕೊನೆಯವರೆಗೂ ಕೇಳುತ್ತೇನೆ. ‘ಯಶಸ್ವಿ’ ಎಂದು ಪರದೆಯ ಮೇಲೆ ಮೂಡುವ ಹಸಿರು ಗುರುತನ್ನು ನಾನು ಅಷ್ಟಾಗಿ ನಂಬುವವನಲ್ಲ.

ಇನ್ನು ಎರಡೂ ಒಂದೇ ಸೂರಿನಡಿ ಇವೆಯಲ್ಲ ಎಂಬ ಮಾತು. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಮೂರನೆಯ ಕೃಷ್ಣನ ಆಸ್ಥಾನದಲ್ಲಿ ಪೊನ್ನ ಮನ್ನಣೆ ಪಡೆದ. 972ರಲ್ಲಿ ಪರಮಾರರ ಸೀಯಕ ಆ ಪಟ್ಟಣವನ್ನು ಸೂರೆಮಾಡಿದ. ಪೊನ್ನನ ‘ಭುವನೈಕರಾಮಾಭ್ಯುದಯ’ ಇಂದು ನಮಗಿಲ್ಲ, ‘ಶಾಂತಿಪುರಾಣ’ ಇದೆ. ಅತ್ತಿಮಬ್ಬೆ ಅದಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಒಂದು ಉಳಿಯಲಿಕ್ಕೆ, ಇನ್ನೊಂದು ಅಳಿಯಲಿಕ್ಕೆ ಅದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ಆಕೆ ಸಾವಿರ ಗರಿಕಟ್ಟುಗಳನ್ನೂ ಒಂದೇ ಬಸದಿಯ ಕೋಣೆಯಲ್ಲಿ ಪೇರಿಸಿ ಬೀಗ ಹಾಕಲಿಲ್ಲ.

ನಮ್ಮ ಮೂರನೆಯ ಪ್ರತಿ ತಂಗಿಯ ಜೊತೆ ಹೈದರಾಬಾದಿಗೆ ಹೋಗುತ್ತದೆ. ಹೋಳಿ ಹುಣ್ಣಿಮೆಯಾದ ಮೇಲೆ ಶರಣರ ತೇರಿಗೆ ಆಕೆ ತಪ್ಪದೆ ಬರುತ್ತಾಳೆ. ಬರುವಾಗ ಹಳೆಯ ಡಿಸ್ಕು ತರುತ್ತಾಳೆ, ಹೋಗುವಾಗ ಹೊಸದನ್ನು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನಲ್ಲಿ ಸೇರಿಸಿಕೊಳ್ಳುತ್ತಾಳೆ. ಕಳೆದ ಸಲ, “ಅಣ್ಣಾ, ಒಮ್ಮೆ ಅವ್ವನ ಹಾಡು ಹಚ್ಚು,” ಎಂದಳು. ನಲವತ್ತು ನಿಮಿಷವೂ ಕದಲದೆ ಕೂತು ಕೇಳಿದಳು. ಆಮೇಲೆ ನನ್ನನ್ನೊಂದು ಮಾತು ಕೇಳದೆ ಅದನ್ನು ಫೋನಿಗೆ ಇಳಿಸಿಕೊಂಡು, ನಾದಿನಿಯರಿಗೆ, ಸೋದರತ್ತೆಯ ಮಕ್ಕಳಿಗೆ, ಹುಮನಾಬಾದಿನ ಚಿಗವ್ವನಿಗೆ ಕಳಿಸಿದಳು. ಈಗ ಅದು ಎಷ್ಟು ಫೋನುಗಳಲ್ಲಿದೆಯೋ, ನನ್ನ ಲೆಕ್ಕಕ್ಕೆ ಸಿಗುವುದಿಲ್ಲ.