ಹೀರೋನ ಕುದುರೆ ಯಾವ ಗಾಡಿಯಲ್ಲಿ ಬಂತು?

ಬೆಳ್ಳಿತೆರೆಯ ಮೇಲೆ ನಾಯಕ ಕುದುರೆಯೇರಿ ಧೂಳೆಬ್ಬಿಸಿಕೊಂಡು ಬಂದಾಗ ನೀವು ಶಿಳ್ಳೆ ಹೊಡೆಯುತ್ತೀರಿ, ಕಾಗದದ ಚೂರು ತೂರುತ್ತೀರಿ. ಹೊಡೀಲೇಬೇಕು ಬಿಡಿ! 1975ರಲ್ಲಿ ತೆರೆಕಂಡ ಅಣ್ಣಾವ್ರ ‘ಮಯೂರ’ದಂಥ ಐತಿಹಾಸಿಕ ಚಿತ್ರ ಕುದುರೆ ಇಲ್ಲದೆ ಆದೀತೇ? ಅದೇ ವರ್ಷದ ‘ಶೋಲೆ’ಯಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ಬಸಂತಿಯ ಟಾಂಗಾ ಎಳೆದು ಓಡಿದ ಧನ್ನೋಳನ್ನು ಮರೆಯಲು ಸಾಧ್ಯವೇ?

ಆದರೆ ಒಂದು ಪ್ರಶ್ನೆ. ಹೀರೋ ಕಾರಿನಲ್ಲಿ ಬಂದ. ನಾಯಕಿ ಕ್ಯಾರವಾನಿನಲ್ಲಿ ಬಂದಳು. ಫೈಟರುಗಳು ವ್ಯಾನಿನಲ್ಲಿ ಬಂದರು. ಕುದುರೆ...? ಅದು ಯಾವುದರಲ್ಲಿ ಬಂತು? ಯಾರಾದರೂ ಕೇಳಿದ್ದೀರಾ?

ನಾನು ಕೇಳಿದ್ದೇನೆ. ಕೇಳಲೇಬೇಕಿತ್ತು. ಏಕೆಂದರೆ ಮೈಸೂರಿನಲ್ಲಿ ನನ್ನ ಚಿಕ್ಕಪ್ಪನ ಲಾಯದಲ್ಲಿ ಎರಡು ಕುದುರೆಗಳಿವೆ. ಒಂದು ಸುಲ್ತಾನ, ಇನ್ನೊಂದು ರಾಣಿ. ಮದುವೆ ಮೆರವಣಿಗೆ, ಟಾಂಗಾ ಸವಾರಿ, ಆಗೊಮ್ಮೆ ಈಗೊಮ್ಮೆ ಶೂಟಿಂಗು... ಇದೇ ಆ ಮನೆಯ ಅನ್ನ. ಕುದುರೆಯ ಕಾಲು ಹೋದರೆ ಅನ್ನ ಹೋಯಿತು!

ಟ್ರೇಲರ್ ಬಂತು, ಎಳೆಯೋರು ಯಾರು?

2019ರಲ್ಲಿ ಒಂದು ಸವಾರಿ ಕ್ಲಬ್ಬಿನವರು ತಮ್ಮ ಹಳೆಯ ಟ್ರೇಲರನ್ನು ಅಗ್ಗಕ್ಕೆ ಕೊಟ್ಟರು. ಎರಡು ಕುದುರೆ ಅಕ್ಕಪಕ್ಕ ನಿಲ್ಲುವಂಥ ಪೆಟ್ಟಿಗೆ, ಎರಡು ಅಚ್ಚು, ಮುಂದೆ ಕೊಂಡಿ. ಬೀದಿಯ ಹುಡುಗರೆಲ್ಲ ಸೇರಿದರು. ‘ನಿಮ್ಮ ಜೀಪಿಗೆ ಕಟ್ಟಿ ಅಣ್ಣಾ, ಸಿನಿಮಾದಲ್ಲಿ ಬಂದ ಹಾಗೆ ಹೋಗಬೋದು!’ ಎಂದರು. ಚಿಕ್ಕಪ್ಪ ಮಾತ್ರ ಬೀಡಿ ಹಚ್ಚಿಕೊಂಡು ಸುಮ್ಮನೆ ನೋಡುತ್ತಿದ್ದರು. ಕೊನೆಗೆ ನನಗೆ ಹೇಳಿದರು: ‘ಮಗಾ, ಮೊದಲು ತೂಕ ಹಾಕು. ಆಮೇಲೆ ಮಾತು.’

ಜೀಪನ್ನೂ ಖಾಲಿ ಟ್ರೇಲರನ್ನೂ ವೇ ಬ್ರಿಡ್ಜಿಗೆ ಒಯ್ದೆ. ಟ್ರೇಲರು 960 ಕೆ.ಜಿ., ಜೀಪು 1,280 ಕೆ.ಜಿ. ಇನ್ನು ಕುದುರೆಗಳದು? ಅದಕ್ಕೊಂದು ಟೇಪಿನ ಲೆಕ್ಕ ಇದೆ, ಬರೆದಿಟ್ಟುಕೊಳ್ಳಿ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಎದೆಯ ತುದಿಯಿಂದ ಹಿಂಭಾಗದವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಹೆಚ್ಚುಕಡಿಮೆ ಕೆ.ಜಿ.ಯಲ್ಲಿ ಬರುತ್ತದೆ. ರಾಣಿಯ ಸುತ್ತಳತೆ 170, ಉದ್ದ 155. ಅಂದರೆ 377 ಕೆ.ಜಿ. ಸುಲ್ತಾನ 175, 160. ಅಂದರೆ 412 ಕೆ.ಜಿ. ಇದರ ಮೇಲೆ ಹುಲ್ಲು, ಹುರುಳಿ, ನೀರಿನ ಕ್ಯಾನು, ಜೀನು. ಎಲ್ಲಾ ಕೂಡಿಸಿದರೆ ಎರಡು ಟನ್ನಿಗೆ ಚೂರು ಕಡಿಮೆ!

ಅಂದರೆ 1,280 ಕೆ.ಜಿ.ಯ ಜೀಪಿನ ಬೆನ್ನಿಗೆ ಸುಮಾರು 1,900 ಕೆ.ಜಿ.ಯ ಭಾರ. ಎಂಜಿನ್ ಎಳೆಯುವುದೇ? ಸಮತಟ್ಟಾದ ರಸ್ತೆಯಲ್ಲಿ ಎಳೆದೀತು. ಪ್ರಶ್ನೆ ಅದಲ್ಲ ಸ್ವಾಮೀ, ನಿಲ್ಲಿಸುವುದೇ? ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಹಿಂದಿನ ಭಾರ ಮುಂದಿನದನ್ನು ತಳ್ಳುತ್ತದೆ. ತಿರುವಿದ್ದರಂತೂ ಟ್ರೇಲರು ಪಕ್ಕಕ್ಕೆ ಎಳೆದು ಜೀಪನ್ನೇ ತಿರುಗಿಸಿಬಿಡುತ್ತದೆ. ಅದಕ್ಕೇ ಬ್ರಿಟನ್ನಿನಲ್ಲಿ 750 ಕೆ.ಜಿ. ದಾಟಿದ ಟ್ರೇಲರಿಗೆ ಅದರದೇ ಬ್ರೇಕು ಇರಲೇಬೇಕು ಎಂಬ ಕಾನೂನಿದೆ. ನಮಗೆ ಸಿಕ್ಕಿದ ಟ್ರೇಲರಿನ ಬ್ರೇಕೋ, ತುಕ್ಕು ಹಿಡಿದು ಕಲ್ಲಾಗಿತ್ತು!

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಗಾಡಿಯ ಭಾರವೆಲ್ಲ ಎತ್ತಿನ ಮೇಲೇ ಬೀಳುತ್ತದೆ. ಮೂಕಿಭಾರ ಹೆಚ್ಚಾದರೆ ನೊಗ ಕುತ್ತಿಗೆಯನ್ನು ಅರೆಯುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಗಂಟಲಿಗೆ ಬರುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15 ಭಾಗ ಕೊಂಡಿಯ ಮೇಲಿರಬೇಕು ಎಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಹಿಂದಿನ ಪೆಟ್ಟಿಗೆ ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ.

ಹಾಗಾದರೆ ಎಂಥ ಗಾಡಿ ಬೇಕು? ತಾನೇ ಭಾರವಾಗಿರುವ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಉದ್ದ ಇರುವ, ಎಷ್ಟು ಭಾರ ಎಳೆಯಬಹುದೆಂದು ತಯಾರಿಸಿದವರೇ ಬರೆದು ಕೊಟ್ಟಿರುವ ಗಾಡಿ. ಕೊಂಡಿಯನ್ನು ಬಂಪರಿಗಲ್ಲ, ಚಾಸಿಗೆ ಬಿಗಿದಿರಬೇಕು. ಟ್ರೇಲರಿಗೆ ಪ್ರತ್ಯೇಕ ನೋಂದಣಿಯೂ ಆಗಬೇಕು. ಅಂಥ ಗಾಡಿ ಕೊಳ್ಳುವ ದುಡ್ಡು ನಮ್ಮಲ್ಲಿರಲಿಲ್ಲ. ಟ್ರೇಲರು ಲಾಯದ ಹಿಂದೆ ಹುಲ್ಲು ತುಂಬುವ ಗೂಡಾಯಿತು. ಹುಡುಗರಿಗೆ ನಿರಾಸೆ! ಚಿಕ್ಕಪ್ಪನಿಗೆ ನಿದ್ದೆ.

ಪ್ರೊಡಕ್ಷನ್ ಮ್ಯಾನೇಜರ್ ಬಂದರು

ಅದೇ ವರ್ಷ ಮೇಲುಕೋಟೆಯಲ್ಲಿ ಎರಡು ದಿನದ ಹೊರಾಂಗಣ ಚಿತ್ರೀಕರಣ. ಎರಡು ಕುದುರೆ ಬೇಕು. ಹನ್ನೆರಡು ಸಾವಿರಕ್ಕೆ ಮಾತಾಯಿತು. ಮನೆಯಲ್ಲಿ ಚಿಕ್ಕಪ್ಪನ ಮಗಳ ಕಾಲೇಜು ಫೀಜಿನ ಕೊನೆಯ ದಿನ ಹತ್ತಿರ ಬಂದಿತ್ತು. ಮ್ಯಾನೇಜರು, ‘ಯಜಮಾನ್ರೇ, ಬೆಳಿಗ್ಗೆ ಪಿಕಪ್ ಕಳಿಸ್ತೀನಿ. ಎರಡನ್ನೂ ಹತ್ತಿಸ್ಬಿಡಿ’ ಅಂದರು.

‘ಪಿಕಪ್ಪಾ? ಆಗಲ್ಲ ಸಾರ್’ ಅಂದರು ಚಿಕ್ಕಪ್ಪ.

‘ಹಸು ಹೋಗುತ್ತೆ, ಎಮ್ಮೆ ಹೋಗುತ್ತೆ, ನಿಮ್ಮ ಕುದುರೆಗೇನ್ರೀ ಧಿಮಾಕು?’

ಚಿಕ್ಕಪ್ಪ ಸಿಟ್ಟಾಗಲಿಲ್ಲ. ‘ಸಾರ್, ತಾವು ಸಿಟಿ ಬಸ್ಸಲ್ಲಿ ನಿಂತುಕೊಂಡು ಹೋಗಿದ್ದೀರಾ? ಡ್ರೈವರ್ ಬ್ರೇಕ್ ಹಾಕಿದಾಗ ಏನ್ ಮಾಡ್ತೀರಾ? ಕಂಬಿ ಹಿಡ್ಕೋತೀರಾ. ಕುದುರೆಗೆ ಕೈ ಎಲ್ಲಿದೆ?’

ಇದೇ ನೋಡಿ, ನಾನು ನಿಮಗೆ ಹೇಳಬೇಕೆಂದಿರುವ ಮಾತು. ಬಸ್ಸಿಗೆ ಕಾಯುತ್ತಾ ಈ ಪುಟ ಓದುತ್ತಿರುವ ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಾದೀತು? ಅಕ್ಕಿ ಮೂಟೆ ಮಲಗಿಕೊಂಡು ಹೋಗುತ್ತದೆ. ಕುದುರೆ ಉದ್ದಕ್ಕೂ ನಿಂತೇ ಹೋಗುತ್ತದೆ. ಪ್ರತಿ ತಿರುವಿಗೂ ಪ್ರತಿ ಬ್ರೇಕಿಗೂ ನಾಲ್ಕು ಕಾಲು ಅಗಲಿಸಿ ಮೈ ಬಿಗಿಹಿಡಿಯುತ್ತದೆ. ಲಾಳ ಕಟ್ಟಿದ ಗೊರಸು ಕಬ್ಬಿಣದ ತಗಡಿನ ಮೇಲೆ ಜಾರಿತೋ, ಮುಗಿಯಿತು. ಕುದುರೆಯ ಕಾಲಿನ ಮೂಳೆ ಮುರಿದರೆ ಬಹುಪಾಲು ಅದು ಮತ್ತೆ ಏಳುವುದಿಲ್ಲ.

ಇದು ಚಿಕ್ಕಪ್ಪನ ಹಟ ಮಾತ್ರವಲ್ಲ, ಕಾನೂನೂ ಇದೆ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆಗೇ ಬೇರೆ ಭಾಗ ಉಂಟು. ಸಾಮಾನ್ಯ ಲಾರಿಯಾದರೆ ನೆಲಕ್ಕೆ ಜಾರದಂಥ ಹಾಸು ಹಾಕಬೇಕು, ಪಕ್ಕದ ಗೋಡೆ ತಗ್ಗಾಗಿದ್ದರೆ ಎತ್ತರಿಸಬೇಕು. ಕುದುರೆ ಕುದುರೆಯ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರಿನ ಗಳ ಕಟ್ಟಬೇಕು, ಹಿಂದೆ ಗಟ್ಟಿ ಅಡ್ಡಪಟ್ಟಿಗಳಿರಬೇಕು. ಎದುರು ಬರುವ ವಾಹನಕ್ಕೆ ಬೆದರದಂತೆ ತಲೆ ಎಡಗಡೆಗಿರಬೇಕು. ಒಂದು ಗಾಡಿಯಲ್ಲಿ ನಾಲ್ಕರಿಂದ ಆರಕ್ಕಿಂತ ಹೆಚ್ಚು ಕುದುರೆ ಕೂಡದು. ವೇಗ? ಗಂಟೆಗೆ 35 ಕಿಲೋಮೀಟರ್ ಮೀರಬಾರದು! ಇನ್ನು 2001ರ ನಿಯಮಗಳ ಪ್ರಕಾರ ಸಿನಿಮಾದಲ್ಲಿ ಪ್ರಾಣಿಯನ್ನು ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಕಾಗದವೂ ಬೇಕು.

ಸಣ್ಣ ಪಿಕಪ್ಪಿನಲ್ಲಿ ತಲೆ ಎಡಕ್ಕೆ ಮಾಡಿ ಅಡ್ಡ ನಿಲ್ಲಿಸಲು ಅಗಲ ಎಲ್ಲಿ? ಆರು ಚಕ್ರದ ಲಾರಿಯೇ ಬೇಕು. ಮ್ಯಾನೇಜರು ಖಡಾಖಂಡಿತವಾಗಿ ಹೇಳಿದರು: ‘ಲಾರಿ ಬಾಡಿಗೆ ನಾನು ಕೊಡಲ್ಲ. ಬೇಕಾದ್ರೆ ನೀವೇ ಹಾಕ್ಕೊಳ್ಳಿ.’ ಲಾರಿಗೆ ಎಂಟು ಸಾವಿರ. ಉಳಿಯುವುದು ನಾಲ್ಕು. ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಮಾತಾಡಲಿಲ್ಲ. ಚಿಕ್ಕಪ್ಪ ‘ಸರಿ ಸಾರ್’ ಅಂದರು. ಫೀಜಿಗೆ ಚಿಕ್ಕಮ್ಮನ ಓಲೆ ಅಡವಿಗೆ ಹೋಯಿತು.

ಕೈಕಟ್ಟಿ ನಿಲ್ಲುವ ಪರೀಕ್ಷೆ

ಲಾರಿ ಆರಿಸುವಾಗ ಚಿಕ್ಕಪ್ಪ ಎಂಜಿನ್ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಟೈರು ನೋಡಿದರು, ನೆಲದ ಹಲಗೆ ತುಳಿದು ನೋಡಿದರು. ಆಮೇಲೆ ಖಾಲಿ ಮೈದಾನದಲ್ಲಿ ಹಿಂದೆ ಹತ್ತಿ, ನಡುವೆ ಕೈಕಟ್ಟಿ ನಿಂತರು. ‘ನಿಧಾನಕ್ಕೆ ಒಂದು ಸುತ್ತು ಹೊಡಿ, ಎರಡು ಸಲ ನಿಲ್ಲಿಸು’ ಎಂದರು. ಮೊದಲನೇ ಡ್ರೈವರು ಬ್ರೇಕು ಹಾಕಿದಾಗ ಮುಗ್ಗರಿಸಿ ಗೋಡೆ ಹಿಡಿದರು. ‘ನೀ ಬ್ಯಾಡಪ್ಪಾ’ ಎಂದು ಇಳಿದುಬಿಟ್ಟರು. ಎರಡನೆಯವನು ವಯಸ್ಸಾದವನು. ಅವನು ನಿಲ್ಲಿಸಿದ್ದೇ ಗೊತ್ತಾಗಲಿಲ್ಲ. ಅವನೇ ಗಟ್ಟಿ!

ನೆಲಕ್ಕೆ ತೆಂಗಿನ ನಾರಿನ ಚಾಪೆ, ಮೇಲೆ ಮರಳು, ಮರಳಿನ ಮೇಲೆ ಹುಲ್ಲು. ಗೋಡೆಗೆ ಹುಲ್ಲು ತುಂಬಿದ ಗೋಣಿಚೀಲ. ಹತ್ತಿಸಲು ಮಣ್ಣಿನ ದಿಬ್ಬಕ್ಕೆ ಲಾರಿಯ ಹಿಂಭಾಗ ತಾಗಿಸಿದೆವು. ಕುದುರೆ ನೆಲದ ಮೇಲೆ ನಡೆದಂತೆ ನಡೆದು ಒಳಗೆ ಹೋಯಿತು. ಹಗ್ಗವನ್ನು ತಲೆ ತಗ್ಗಿಸಲು ಆಗುವಷ್ಟು ಸಡಿಲ ಬಿಟ್ಟೆವು. ತಲೆ ಮೇಲೆತ್ತಿ ಕಟ್ಟಿ ದೂರ ಒಯ್ದರೆ ಧೂಳು, ಸಿಂಬಳ ಇಳಿಯದೆ ಶ್ವಾಸಕೋಶಕ್ಕೆ ಕೇಡು.

ಮೈಸೂರಿನಿಂದ ಪಾಂಡವಪುರದ ಮೇಲೆ ಮೇಲುಕೋಟೆಗೆ ಸುಮಾರು 50 ಕಿಲೋಮೀಟರು. ನಮಗೆ ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯಿತು. ಬಸ್ಸುಗಳು ಹಾರ್ನು ಬಾರಿಸಿ ಬೈದುಕೊಂಡು ಮುಂದೆ ಹೋದವು. ಬೈಯಲಿ ಬಿಡಿ! ವೇಗ ಎರಡರಷ್ಟಾದರೆ ಬ್ರೇಕು ಹಿಡಿದು ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಹಿಂದೆ ನಿಂತವರು ಕಂಬಿ ಹಿಡಿಯಲಾರದವರು.

ಬೆಟ್ಟದ ಮೇಲೆ ಇಳಿಸಿದಾಗ ಸುಲ್ತಾನ ಒಮ್ಮೆ ಮೈ ಕೊಡವಿ, ಬಕೆಟ್ಟಿನ ನೀರು ಕುಡಿದು, ಹುಲ್ಲಿಗೆ ಬಾಯಿ ಹಾಕಿದ. ಅಷ್ಟು ಸಾಕು, ಕುದುರೆ ಕ್ಷೇಮ ಎಂದರ್ಥ. ಒಂದು ಗಂಟೆ ಬಿಟ್ಟು ಶಾಟ್. ರಾಯಗೋಪುರದ ಕಡೆಯಿಂದ ನಾಯಕನನ್ನು ಹೊತ್ತು ಓಡಿಬಂದ. ನಿರ್ದೇಶಕರು ‘ಓಕೆ!’ ಎಂದರು. ಒಂದೇ ಟೇಕು! ನಡುಗುತ್ತಾ ಇಳಿದ ಕುದುರೆಯಾಗಿದ್ದರೆ ರೀಟೇಕಿನ ಮೇಲೆ ರೀಟೇಕು. ಯೂನಿಟ್ಟಿನ ಒಂದು ಗಂಟೆಯ ಖರ್ಚಿನ ಮುಂದೆ ಎಂಟು ಸಾವಿರ ಯಾವ ಲೆಕ್ಕ? ಮ್ಯಾನೇಜರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮುಂದಿನ ಸಲ ಕರೆದಾಗ, ‘ಲಾರಿಯ ಅರ್ಧ ಬಾಡಿಗೆ ನಮ್ದು’ ಅಂದರು. ಓಲೆ ಬಿಡಿಸಿಕೊಳ್ಳಲು ಆರು ತಿಂಗಳಾಯಿತು.

ನಿಮ್ಮಲ್ಲಿ ಯಾರಾದರೂ ಕುದುರೆ ಕಟ್ಟುವ ಆಸೆ ಇದ್ದವರಿದ್ದರೆ ಈ ತಮ್ಮನ ಮಾತು ಕೇಳಿ. ಟ್ರೇಲರೇ ಇರಲಿ, ಲಾರಿಯೇ ಇರಲಿ, ‘ಎಷ್ಟು ಎಳೆಯುತ್ತೆ’ ಅಂತ ಕೇಳಬೇಡಿ. ‘ಎಷ್ಟು ಮೆತ್ತಗೆ ನಿಲ್ಲುತ್ತೆ’ ಅಂತ ಕೇಳಿ. ಮಾತು ನಂಬಬೇಡಿ, ವೇ ಬ್ರಿಡ್ಜಿನ ಚೀಟಿ ನಂಬಿ. ಡ್ರೈವರನ್ನು ಒಪ್ಪುವ ಮೊದಲು ಚಿಕ್ಕಪ್ಪನ ಹಾಗೆ ಒಮ್ಮೆ ಹಿಂದೆ ಹತ್ತಿ ಕೈಕಟ್ಟಿ ನಿಲ್ಲಿ. ನೀವು ಬೀಳದಿದ್ದರೆ ಮುಂಗಡ ಕೊಡಿ.