ಅಭ್ಯಂಗವೂ ದಾಸೋಹವೇ

ಎಣ್ಣೆ ಹಚ್ಚಿ ಮೀಯುವ ಪದ್ಧತಿಯು ಇಂದು ನಮ್ಮ ಬಹುಪಾಲು ಮನೆಗಳಲ್ಲಿ ನರಕಚತುರ್ದಶಿಯ ಬೆಳಗಿಗೂ ಬಾಣಂತಿಯ ಕೋಣೆಗೂ ಸೀಮಿತವಾಗಿದೆ. ಆಯುರ್ವೇದವಾದರೋ ಇದನ್ನು ಅಭ್ಯಂಗವೆಂದು ಕರೆದು ದಿನಚರಿಯಲ್ಲಿಯೇ ಸೇರಿಸಿದೆ. ವಾಗ್ಭಟನ ಅಷ್ಟಾಂಗಹೃದಯವು ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಿಧಿಸುತ್ತದೆ. ಎಣ್ಣೆಯುಂಡ ಮಡಕೆ, ತೊಗಲು, ಬಂಡಿಯ ಅಚ್ಚು ಹೇಗೆ ಗಟ್ಟಿಯಾಗಿ ಬಾಳುವವೋ ಶರೀರವೂ ಹಾಗೆಯೇ ಎಂಬುದು ಚರಕಸಂಹಿತೆಯ ಅಭಿಪ್ರಾಯ. ಮುಪ್ಪಿನಲ್ಲಿ ವಾತವು ಪ್ರಬಲವಾಗುವುದರಿಂದ ವೃದ್ಧರಿಗೆ ಇದರ ಅಗತ್ಯ ಹೆಚ್ಚು.

ಕಲ್ಯಾಣದ ಅರಸು ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ 20 ಉಪಭೋಗಗಳ ಪೈಕಿ ಪಾದಾಭ್ಯಂಗವೂ ಒಂದು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಅನಂತರ ಶರಣರು ಸೇವೆಯ ಅರ್ಥವನ್ನೇ ಬದಲಿಸಿದರು. ಒಡೆಯನ ಭೋಗಕ್ಕಾಗಿ ಆಳು ಮಾಡುತ್ತಿದ್ದ ಊಳಿಗವು ಅವರಲ್ಲಿ ಸಮಾನರು ಸಮಾನರಿಗೆ ಸಲ್ಲಿಸುವ ದಾಸೋಹವಾಯಿತು. ವೈದ್ಯ ಸಂಗಣ್ಣನವರಂಥ ವೈದ್ಯರೂ ಆ ಶರಣಸಂಕುಲದಲ್ಲಿದ್ದರು.

ಇದೆಲ್ಲವನ್ನೂ ನಾವು ಅನೇಕ ವೇದಿಕೆಗಳಲ್ಲಿ ಹೇಳಿದ್ದೇವೆ. ಆದರೆ ಹೇಳಿದ್ದನ್ನು ಮನೆಯಲ್ಲಿ ಮಾಡಲು ನಮಗೆ ಬಹಳ ತಡವಾಯಿತು.

1971ರಲ್ಲಿ, 12ನೆಯ ವಯಸ್ಸಿನಲ್ಲಿ, ನಾವು ಮಠವನ್ನು ಸೇರಿದೆವು. ಹಿರಿಯ ಪೂಜ್ಯರ ಪಾದಗಳಿಗೆ ಎಣ್ಣೆ ತಿಕ್ಕುವ ಸೇವೆ ನಮ್ಮ ಪಾಲಿಗೆ ಬಂದಿತು. ಒಂದು ದಿನ ಅವರಿಗೆ ಜ್ವರವಿದ್ದಾಗಲೂ ನಾವು ಎಣ್ಣೆಯ ಬಟ್ಟಲನ್ನು ಹಿಡಿದು ನಿಂತೆವು. ಪೂಜ್ಯರು ನಮ್ಮ ಕೈಯನ್ನು ತಡೆದು, ಜ್ವರದಲ್ಲಿಯೂ ಅಜೀರ್ಣದಲ್ಲಿಯೂ ಉಂಡೊಡನೆಯೂ ಎಣ್ಣೆ ಹಚ್ಚಲಾಗದೆಂದು ತಿಳಿಸಿದರು. ಸೇವೆ ಮಾಡುವವನ ಉತ್ಸಾಹಕ್ಕಿಂತ ಸೇವೆ ಪಡೆಯುವವನ ಸ್ಥಿತಿ ದೊಡ್ಡದೆಂಬ ಪಾಠ ಅಂದು ನಮಗೆ ದೊರೆಯಿತು.

ವರ್ಷಗಟ್ಟಲೆ ಗುರುಪಾದವನ್ನು ತಿಕ್ಕಿದ ಈ ಕೈಗಳು ಹೆತ್ತ ತಾಯಿಯ ಪಾದವನ್ನು ಹಬ್ಬದ ನಮಸ್ಕಾರಕ್ಕಲ್ಲದೆ ಮುಟ್ಟಿರಲಿಲ್ಲ. 2008ರ ಚಳಿಗಾಲದಲ್ಲಿ, 74 ವರ್ಷದ ಅವ್ವನ ಕಾಲುಗಳ ಚರ್ಮ ಒಣಗಿ ಬಿರಿದು, ಮೊಣಕಾಲು ಹಿಡಿದುಕೊಂಡವು. ನಾವು ಹಣ ಕೊಟ್ಟು ಒಬ್ಬಾಕೆಯನ್ನು ಗೊತ್ತುಮಾಡಿದೆವು. ಅವ್ವ ಒಲ್ಲೆನೆಂದಳು. ಕಾರಣ ಕೇಳಿದರೆ ಸುಮ್ಮನಾದಳು. ಆ ಮೌನದ ಅರ್ಥ ನಮಗೆ ತಿಳಿಯಲು ಎರಡು ದಿನ ಹಿಡಿಯಿತು.

ಮೂರನೆಯ ದಿನ ಬೆಳಿಗ್ಗೆ ನಾವೇ ಕುಳಿತೆವು. ಅವಸರದಲ್ಲಿ ಎಣ್ಣೆಯನ್ನು ನೇರವಾಗಿ ಒಲೆಯ ಮೇಲಿಟ್ಟು ಕಾಯಿಸಿದ್ದೆವು. ಅವ್ವ ತಟ್ಟನೆ ಕಾಲು ಹಿಂದೆಗೆದುಕೊಂಡಳು, ಪಾದ ಕೆಂಪಗಾಗಿತ್ತು. ಶಾಸ್ತ್ರ ಬಲ್ಲವರೆಂಬ ನಮ್ಮ ಅಭಿಮಾನ ಅಲ್ಲಿಯೇ ಕರಗಿತು.

ಮರುದಿನದಿಂದ ಕ್ರಮ ತಪ್ಪಲಿಲ್ಲ. ಎಳ್ಳೆಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಮೊದಲು ನಮ್ಮ ಮಣಿಕಟ್ಟಿಗೆ ಹಚ್ಚಿ ನೋಡುತ್ತಿದ್ದೆವು. ಗಾಳಿ ಬೀಸದ ಕೋಣೆ, ಖಾಲಿ ಹೊಟ್ಟೆ. ನೆತ್ತಿಯಿಂದ ಆರಂಭಿಸಿ ಕಿವಿ, ಕುತ್ತಿಗೆ, ಬೆನ್ನು, ತೋಳುಗಳಿಗೆ ಬಂದು ಅಂಗಾಲಿನಲ್ಲಿ ಮುಗಿಸುವುದು. ನೀಳವಾದ ಎಲುಬುಗಳ ಮೇಲೆ ಉದ್ದಕ್ಕೆ, ಕೀಲುಗಳ ಮೇಲೆ ದುಂಡಗೆ ಕೈಯಾಡಿಸಬೇಕು. ವೃದ್ಧರಲ್ಲಿ ಒತ್ತಡ ಹಗುರವಾಗಿರಬೇಕು. ಅರ್ಧ ಗಂಟೆಯ ವಿಶ್ರಾಂತಿಯ ಅನಂತರ ಹೆಸರುಹಿಟ್ಟು ಹಚ್ಚಿ ಬಿಸಿನೀರ ಸ್ನಾನ. ತಲೆಗೆ ಮಾತ್ರ ಉಗುರುಬೆಚ್ಚಗಿನ ನೀರು. ಎಣ್ಣೆಗಾಲಿನಲ್ಲಿ ಬಚ್ಚಲಿಗೆ ನಡೆಯುವ ವೃದ್ಧರು ಜಾರುವ ಅಪಾಯವುಂಟು. ಆದ್ದರಿಂದ ಪಾದಗಳನ್ನು ಒರೆಸಿ, ಕೈಹಿಡಿದು ಕರೆದೊಯ್ಯುತ್ತಿದ್ದೆವು.

ಲಿಂಗವು ಅಂಗವನ್ನು ಅಗಲಬಾರದೆಂದು ಅವ್ವ ಕರಡಿಗೆಯನ್ನು ಎಡ ಅಂಗೈಯಲ್ಲಿ ಹಿಡಿದು ಕೂರುತ್ತಿದ್ದಳು. ಆ ಒಂದು ಅಂಗೈಯನ್ನು ಬಿಟ್ಟು ಉಳಿದೆಡೆ ಎಣ್ಣೆ ಹಚ್ಚುತ್ತಿದ್ದೆವು. ಆರನೆಯ ದಿನವೋ ಏಳನೆಯ ದಿನವೋ ಅವ್ವ ಕಣ್ಣು ಮುಚ್ಚಿಕೊಂಡೇ, “ಮಠದಾಗ ಕಲ್ತದ್ದು ಇವತ್ತ ಮನಿಗೆ ಬಂತು” ಎಂದಳು. ನಾವು ಉತ್ತರ ಕೊಡಲಿಲ್ಲ. ಕೊಡುವ ಉತ್ತರವೂ ನಮ್ಮಲ್ಲಿರಲಿಲ್ಲ.

ಮೊಣಕಾಲ ನೋವು ಪೂರ್ತಿಯಾಗಿ ಹೋಯಿತೆಂದು ನಾವು ಹೇಳೆವು. ಬಿರಿದ ಚರ್ಮ ಕೂಡಿಕೊಂಡಿತು, ರಾತ್ರಿಯ ನಿದ್ರೆ ಮರಳಿತು. ಎರಡು ಚಳಿಗಾಲ ಈ ಸೇವೆ ನಡೆಯಿತು. ಅನಂತರ ಅವ್ವ ಲಿಂಗೈಕ್ಯಳಾದಳು.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಮನೆಯ ಹಿರಿಯರಿಗೆ ಔಷಧ, ಊಟ, ಹೊದಿಕೆ ಎಲ್ಲವನ್ನೂ ನಾವು ಒದಗಿಸುತ್ತೇವೆ. ಆದರೆ ಅವರ ಮೈಯನ್ನು ಪ್ರೀತಿಯಿಂದ ಮುಟ್ಟುವ ಕೈಗಳು ಕಡಿಮೆಯಾಗಿವೆ. ವಾರಕ್ಕೊಮ್ಮೆಯಾದರೂ ಅವರ ಪಾದಕ್ಕೆ ಎಣ್ಣೆ ಹಚ್ಚಿರಿ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ತಿಕ್ಕದೆ ಮೊದಲು ವೈದ್ಯರಿಗೆ ತೋರಿಸಿರಿ. ರಕ್ತ ಹೆಪ್ಪುಗಟ್ಟಿರುವ ಸಂಭವವುಂಟು. ಗಾಯ, ಜ್ವರಗಳಿದ್ದಾಗಲೂ ಬೇಡ.

ಮಿಕ್ಕ ದಿನಗಳಲ್ಲಿ ತಡಮಾಡದಿರಿ. ನಮಗೆ ದೊರೆತದ್ದು ಎರಡೇ ಚಳಿಗಾಲ.