ಪಾನಾ ಯಾರದು?

"ಸಾಮಾನು ಪುಕ್ಕಟೆ ಅಂದ ಮ್ಯಾಲ ನಿನಗ್ಯಾಕ ರೊಕ್ಕ?"

ಬೆಳಗಾವಿ ಆಟೋ ನಗರದ ಒಬ್ಬ ಗ್ಯಾರೇಜ್ ಮಾಲೀಕ ನನ್ನ ಮುಖಕ್ಕೇ ಕೇಳಿದ ಮಾತಿದು. ಅವನ ಗ್ಯಾರೇಜಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಹದಿನೆಂಟು ದಿನದ ಕೆಲಸ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದೇನೆ, ಸಾಮಾನಿಗೆ ನೀವು ಯಾವ ಕಂಪನಿಗೂ ಕಾಸು ಕಟ್ಟೋದು ಬೇಡ ಎಂದು ನಾನೇ ಹೆಮ್ಮೆಯಿಂದ ಹೇಳಿದ್ದೆ. ಆ ಹೆಮ್ಮೆ ನನ್ನ ಕೂಲಿಯನ್ನು ನುಂಗಿತು.

ಇದೇ ಆಟೋ ನಗರದಲ್ಲಿ ನಾನು ಬೆಳೆದವನು. ಈಗ ಜನ ಕ್ರಿಕೆಟ್ ಸ್ಟೇಡಿಯಂ ಹೇಳಿ ಈ ಜಾಗದ ಗುರುತು ಕೊಡುತ್ತಾರೆ. ನಮಗೆ ಅದು ಗ್ರೀಸು, ವೆಲ್ಡಿಂಗಿನ ಕಿಡಿ, ಲಾರಿಯ ಕೆಳಗೆ ಅಂಗಾತ ಮಲಗಿದ ಅಪ್ಪ. ಅವನ ಆಸ್ತಿ ಒಂದು ತಗಡಿನ ಪೆಟ್ಟಿಗೆ. ಅದರೊಳಗಿನ ಪಾನಾಗಳು ಯಾರೋ ಬಳಸಿ ಮಾರಿದವು. ಆದರೂ ಒಮ್ಮೆ ರೊಕ್ಕ ಕೊಟ್ಟ ಮೇಲೆ ಅವನವೇ. ಕೆಲಸ ಸಿಗದ ತಿಂಗಳು ಪಾನಾ ತಾನಾಗಿ ಬಾಯಿ ಮುಚ್ಚಿಕೊಳ್ಳಲಿಲ್ಲ. ಬಾಜೂ ಗ್ಯಾರೇಜಿನವನು ಕೇಳಿದರೆ ಕೊಡುತ್ತಿದ್ದ. ಸವೆದರೆ ತಾನೇ ಉಜ್ಜಿ ಸರಿಮಾಡುತ್ತಿದ್ದ.

ನನ್ನ ಪಾನಾ ಹಂಗಿರಲಿಲ್ಲ. ಮೊದಲು ನಾನು ದುಡಿದದ್ದು ಒಂದು ಕಂಪನಿಯ ಸಾಮಾನಿನಲ್ಲಿ, ಹೆಸರು ಬೇಡ. ತಿಂಗಳಿಗೊಮ್ಮೆ ಚಂದಾ. ಅಪ್ಪ ದವಾಖಾನೆ ಸೇರಿದ ತಿಂಗಳು ಕಟ್ಟಲಾಗಲಿಲ್ಲ. ನಾನೇ ಮಾಡಿಟ್ಟ ಕೆಲಸ ನನಗೇ ತೆರೆಯಲಿಲ್ಲ. ಬೆವರು ನನ್ನದು, ಕೀಲಿ ಅವರದು! ಹಾಸಿಗೆಯಲ್ಲಿದ್ದ ಅಪ್ಪನಿಗೆ ಹೇಳಿದೆ. ಕೆಮ್ಮುತ್ತಲೇ ನಕ್ಕ. "ಅದು ಪಾನಾ ಅಲ್ಲಲೇ. ಬಡ್ಡಿ. ಅಸಲು ಎಂದೂ ತೀರದ ಬಡ್ಡಿ."

ಈ ಬಡ್ಡಿ ವ್ಯವಹಾರ ಈಗ ಎಲ್ಲ ಕಡೆ. 2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ ಹೊಸ ಆವೃತ್ತಿಗಳು ಇನ್ನು ಚಂದಾ ಮೇಲೆ ಮಾತ್ರ ಎಂದು ಸಾರಿತು. 2015ರಲ್ಲಿ ಜೆಟ್‌ಬ್ರೈನ್ಸ್ ಅದೇ ದಾರಿ ಹಿಡಿದಾಗ ಕೋಡ್ ಬರೆಯುವವರು ತಿರುಗಿಬಿದ್ದರು. ಕಂಪನಿ ಮಣಿಯಿತು. ಒಂದು ವರ್ಷ ಚಂದಾ ಕಟ್ಟಿದವನಿಗೆ, ಮುಂದೆ ಕಟ್ಟದಿದ್ದರೂ ಒಂದು ಹಳೆಯ ಆವೃತ್ತಿ ಕಾಯಂ ಉಳಿಯುತ್ತದೆ ಎಂದು ಒಪ್ಪಿತು. ಜಗಳ ತೆಗೆದದ್ದಕ್ಕೆ ಇಷ್ಟಾದರೂ ದಕ್ಕಿತು.

ನಾನು ಜಗಳ ತೆಗೆಯಲಿಲ್ಲ, ಬಿಟ್ಟು ಬಂದೆ. ವರ್ಡ್‌ಪ್ರೆಸ್ 2003ರಿಂದ ಇದೆ. ಅದರ ಕೋಡನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಒಂದು ರಾತ್ರಿ ಅದರ ಹೊಟ್ಟೆಯೊಳಗೆ ಕೈ ಹಾಕಿ ನೋಡಿದೆ. ಯಾರೂ ನನ್ನ ಅಡ್ಡಹೆಸರು ಕೇಳಲಿಲ್ಲ. ಯಾವ ಕೇರಿಯವ ಎಂದು ಕೇಳಲಿಲ್ಲ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದವರು ಬರೀ ಬಾಯಾರಿ ಮುಟ್ಟಿದವರಲ್ಲ ಎಂಬುದು ಆ ರಾತ್ರಿ ನನ್ನ ಬೆರಳಿಗೆ ತಿಳಿಯಿತು. (ಲ್ಯಾಪ್‌ಟಾಪ್ ಸಾಲದ್ದು, ಇಂಗ್ಲಿಷ್ ಕುಂಟುತ್ತಿತ್ತು, ಅದು ಬೇರೆ ಮಾತು.)

ಆದರೆ ಈ "ಪುಕ್ಕಟೆ" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. 1983ರಲ್ಲಿ ಗ್ನೂ ಕೆಲಸ ಸಾರಿದ ರಿಚರ್ಡ್ ಸ್ಟಾಲ್‌ಮನ್, ತಾನು ಹೇಳುವ "ಫ್ರೀ" ಬೆಲೆಯ ಮಾತಲ್ಲ, ಸ್ವಾತಂತ್ರ್ಯದ ಮಾತು ಎಂದು ಹೇಳುತ್ತಲೇ ಬಂದಿದ್ದಾನೆ. ಪಾಪ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದ. ನಮಗೆ ಆ ಗೊಂದಲ ಇಲ್ಲ. ಬಿಡುಗಡೆ ಬೇರೆ, ಬಿಟ್ಟಿ ಬೇರೆ. ನಮ್ಮಜ್ಜ ಊರಗೌಡನ ಸತ್ತ ದನ ಹೊತ್ತದ್ದು, ಹಲಗಿ ಬಾರಿಸಿದ್ದು ಬಿಟ್ಟಿ. ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಿತು. ಊರು ನಿಷೇಧಿಸಲು ಇನ್ನೂ ವರ್ಷಗಳು ಹಿಡಿದವು.

ಕಂಪ್ಯೂಟರಿನ ಊರಲ್ಲೂ ಬಿಟ್ಟಿ ಇದೆ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ ಜಗತ್ತಿಗೆ ಗೊತ್ತಾಯಿತು: ದೊಡ್ಡ ದೊಡ್ಡ ಕಂಪನಿಗಳು ನಂಬಿ ಕೂತಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆ ಮಂದಿ, ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಧಣಿಗಳ ಉಗ್ರಾಣಕ್ಕೆಲ್ಲ ಬೀಗ ಮಾಡಿಕೊಟ್ಟವನ ಒಲೆಯಲ್ಲಿ ಬೆಂಕಿ ಇಲ್ಲ.

ಮಾಲೀಕನಿಗೆ ಇಷ್ಟೆಲ್ಲ ಹೇಳಲಿಲ್ಲ. ಲಾರಿ ಕೆಳಗಿದ್ದ ಹುಡುಗನನ್ನು ತೋರಿಸಿದೆ. "ಅಂವ ತನ್ನ ಪಾನಾ ತಾನ ತರ್ತಾನ. ನಿಮಗ ಪಾನಾ ಪುಕ್ಕಟೆ. ಅವಗ ಪಗಾರ ಕೊಡೂದಿಲ್ಲೇನ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಅರ್ಧ ರೊಕ್ಕ ಎಣಿಸಿ ಕೊಟ್ಟ. ಉಳಿದದ್ದು ದೀಪಾವಳಿ ಆದ ಮ್ಯಾಲ ಅಂದ. ಸೈಟಿನ ಪಾಸ್‌ವರ್ಡ್ ಇನ್ನೂ ನನ್ನ ಹತ್ತಿರವೇ ಇತ್ತು. ಬೀಗ ಜಡಿಯಬಹುದಿತ್ತು, ಆ ಕಂಪನಿ ನನಗೆ ಜಡಿದ ಹಾಗೆ. ಕೈ ಬರಲಿಲ್ಲ. ಚೀಟಿಯಲ್ಲಿ ಬರೆದು ಅವನ ಟೇಬಲ್ಲಿನ ಮೇಲಿಟ್ಟೆ. ದೀಪಾವಳಿ ಮುಗಿದಿದೆ. ಈಗ ಸೋಮವಾರಕ್ಕೊಮ್ಮೆ ಹೋಗಿ ಅವನ ಗ್ಯಾರೇಜಿನ ಬಾಗಿಲಲ್ಲಿ ಕೂಡುತ್ತೇನೆ. ಆ ಹುಡುಗ ಚಹಾ ತಂದುಕೊಡುತ್ತಾನೆ.